ರೊಟ್ಟಿ ಕಾಕಾನ ಜೋಡಿ ನನ್ನ ಜಗಳ

ನನಗೆ ಸಿಟ್ಟು ಬರುವುದು ದೊಡ್ಡ ವಿಷಯಗಳಿಗಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಚೇರಿಯಲ್ಲಿ ಸಾಹೇಬರು ಎಲ್ಲರೆದುರು ಬೈದರೂ ತಲೆಯಾಡಿಸಿ, ಫೈಲು ಬಗಲಲ್ಲಿಟ್ಟುಕೊಂಡು ಸುಮ್ಮನೆ ಹೊರಬರುವ ಮನುಷ್ಯ ನಾನು. ಆದರೆ ಧಾರಾವಾಹಿಯ ಸೊಸೆ ಕೊರಳ ತುಂಬ ಬಂಗಾರ ಹೇರಿಕೊಂಡೇ ಮಲಗಿದ್ದು ಕಂಡರೆ ನನ್ನ ಮೈ ಉರಿಯುತ್ತದೆ. ಸಿನಿಮಾದ ಹೀರೊ ಬಾಗಿಲು ತೆಗೆದು ಒಳಗೆ ಬರುವುದಕ್ಕೆ ಮೂರು ನಿಮಿಷ ತೆಗೆದುಕೊಂಡರೆ, "ಲಗೂನ ಬಾರಲೇ, ಒಳಗ ಜನಾ ಸಾಯಾಕತ್ತಾರ" ಎಂದು ಪರದೆಗೇ ಒದರುತ್ತೇನೆ. ಹಾಸ್ಯ ಸ್ಪರ್ಧೆಗಳಲ್ಲಿ ಜೋಕು ಅರ್ಧಕ್ಕೆ ಬರುವ ಮೊದಲೇ ತೀರ್ಪುಗಾರರು ಕುರ್ಚಿಯಿಂದ ಉರುಳುತ್ತಾರಲ್ಲ, ಅವರನ್ನು ಎತ್ತಿ ಕೂರಿಸುವವರು ಯಾರು ಎಂಬ ಚಿಂತೆ ನನಗೆ. ನನ್ನ ಹೆಂಡತಿ ಗಿರಿಜಾ ಅಂಗನವಾಡಿ ಟೀಚರು. ದಿನವಿಡೀ ಮಕ್ಕಳ ಗದ್ದಲ ಸಹಿಸಿ ಬಂದವಳಿಗೆ ಮನೆಯಲ್ಲಿ ಮತ್ತೊಂದು ಮಗು. "ಟಿವಿ ನೋಡಾಕ ಕುಂತೀರೊ, ಅದರ ಜೋಡಿ ಜಗಳಾಡಾಕ ಕುಂತೀರೊ?" ಎಂದು ಕೇಳಿ ಕೇಳಿ ಸಾಕಾಗಿ, ರಿಮೋಟನ್ನು ತನ್ನ ಸೆರಗಿನ ಕೆಳಗೇ ಇಟ್ಟುಕೊಳ್ಳತೊಡಗಿದಳು.

ನನ್ನ ಈ ಗತಿ ನೋಡಲಾರದೆ ಮಗಳು ಸವಿತಾ, ನರ್ಸಿಂಗ್ ಕಲಿಯಲು ಮೈಸೂರಿಗೆ ಹೋಗುವ ಮುನ್ನ, ನನ್ನ ಫೋನಿನಲ್ಲಿ ಒಂದು ಪಾಡ್‌ಕಾಸ್ಟ್ ಹಾಕಿಕೊಟ್ಟಳು. ಬೆಂಗಳೂರಿನ ಇಬ್ಬರು ಗೆಳೆಯರು ಕೂತು ಆ ವಾರದ ಸಿನಿಮಾ, ಧಾರಾವಾಹಿಗಳನ್ನೆಲ್ಲ ಎಳೆದಾಡುವ ಹಾಸ್ಯದ ಕಾರ್ಯಕ್ರಮ ಅದು. ಮೊದಲ ಕಂತಿನಲ್ಲೇ ಅವರು ಬಂಗಾರದ ಸೊಸೆಯನ್ನು ಹಿಡಿದು ಝಾಡಿಸಿದರು. ನನಗೆ ಕಳೆದುಹೋದ ತಮ್ಮಂದಿರು ಸಿಕ್ಕಷ್ಟು ಸಂತೋಷವಾಯಿತು. ನಮ್ಮೂರು ಸಂಶಿಯಿಂದ ಕುಂದಗೋಳದ ಕಚೇರಿಗೆ ಹೋಗುವಾಗ, ಬರುವಾಗ, ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬನೇ ನಗುತ್ತ ಕೂರುತ್ತಿದ್ದೆ. ಬಾಜೂ ಕೂತ ಮುದುಕಿಯೊಬ್ಬಳು ಒಮ್ಮೆ ನನ್ನನ್ನು ಕನಿಕರದಿಂದ ನೋಡಿ, "ತಮ್ಮಾ, ಮನ್ಯಾಗ ಎಲ್ಲಾ ಅರಾಮ ಅದಾರಿಲ್ಲೊ?" ಎಂದು ವಿಚಾರಿಸಿದ್ದೂ ಉಂಟು.

ಹೀಗೆ ಸುಖವಾಗಿದ್ದ ಕಾಲದಲ್ಲಿ ಆ ಇಬ್ಬರು 'ರೊಟ್ಟಿ ಕಾಕಾ' ಎಂಬೊಬ್ಬನನ್ನು ಕರೆತಂದರು. ಅವರಲ್ಲೇ ಒಬ್ಬ ಗಂಟಲು ಒರಟು ಮಾಡಿಕೊಂಡು, ನಮ್ಮ ಕಡೆಯವನಂತೆ ಮಾತಾಡುವುದು. ರೊಟ್ಟಿ ಕಾಕಾ ಸಿನಿಮಾ ನೋಡಿ ಬಂದು ಅಭಿಪ್ರಾಯ ಹೇಳುತ್ತಾನೆ. ಅಭಿಪ್ರಾಯ ಅಂದರೆ ಏನು? ಒದರುವುದು. ಮೆಣಸಿನಕಾಯಿ ಕಡಿದು ಮತ್ತೊಮ್ಮೆ ಒದರುವುದು. ಮೊದಲ ಸಲ ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಎರಡನೇ ಸಲ ತುಟಿ ಬಿಗಿಯಿತು. ಮೂರನೇ ಸಲ ಅವನು ಯಾರಿಗೋ "ಲೇ ಬರ್ರಿ" ಅಂದ! ಓದುಗರೇ, ಲೇ ಎಂದರೆ ಸಲಿಗೆ, ರಿ ಎಂದರೆ ಮರ್ಯಾದೆ. ಲೇ ಅಂದವನಿಗೆ 'ಬಾ' ಅನ್ನಬೇಕು. 'ಬರ್ರಿ' ಅನ್ನಬೇಕಾದವರಿಗೆ ಲೇ ಅಂದರೆ ಹಲ್ಲು ಉಳಿಯುವುದಿಲ್ಲ. ಇಷ್ಟು ಗೊತ್ತಿಲ್ಲದವರು ನಮ್ಮ ಬಾಯಿ ಬಾಡಿಗೆಗೆ ಪಡೆದು ಲೋಕವನ್ನು ನಗಿಸುತ್ತಿದ್ದಾರೆ. ಸಿನಿಮಾಗಳದ್ದೂ ಇದೇ ಕಥೆ. ನಮ್ಮ ಮಾತಿನವನು ಡಾಕ್ಟರನಾಗಿದ್ದನ್ನು ನಾನು ಕಂಡಿಲ್ಲ, ಪ್ರೀತಿ ಮಾಡಿದ್ದನ್ನು ಕಂಡಿಲ್ಲ. ವಾಚ್‌ಮನ್ ಆಗಿ ಬಂದು, ಬೈಸಿಕೊಂಡು, ಮಧ್ಯಂತರಕ್ಕೆ ಮುಂಚೆಯೇ ಮಾಯವಾಗುತ್ತಾನೆ.

ಇಷ್ಟೇ ಆಗಿದ್ದರೆ ಒಂದು ವಾರ ಹಲ್ಲು ಕಡಿದು ಸುಮ್ಮನಾಗುತ್ತಿದ್ದೆನೇನೊ. ಆದರೆ ಒಂದು ಭಾನುವಾರ ಮಧ್ಯಾಹ್ನ ಸವಿತಾ ಫೋನು ಮಾಡಿದಳು. "ಅಪ್ಪಾ, ಊಟ ಆಯ್ತಾ? ಏನ್ ಮಾಡ್ತಾ ಇದ್ದೀರಾ?" ನಾನು ಫೋನನ್ನು ಕಿವಿಯಿಂದ ತೆಗೆದು ನಂಬರು ನೋಡಿದೆ. ಮಗಳದೇ ನಂಬರು. ಹೋದ ತಿಂಗಳವರೆಗೆ "ಉಂಡ್ರೇನ್ರಿ ಅಪ್ಪಾ? ಏನ್ ಮಾಡಾಕತ್ತೀರಿ?" ಅನ್ನುತ್ತಿದ್ದ ಹುಡುಗಿ ಬ್ಯಾಂಕಿನಿಂದ ಮಾತಾಡುವವರ ಹಾಗೆ ಮಾತಾಡುತ್ತಿದ್ದಾಳೆ. ಏನಾತವ್ವ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. ಕೊನೆಗೆ ತಾಯಿಯ ಹತ್ತಿರ ಬಾಯಿಬಿಟ್ಟಳಂತೆ. ಹಾಸ್ಟೆಲಿನಲ್ಲಿ ಇವಳು ಬಾಯಿ ತೆರೆದರೆ ಸಾಕು, ಹುಡುಗಿಯರು "ರೊಟ್ಟಿ ಕಾಕಾ ಬಂದ" ಎಂದು ನಗುತ್ತಾರೆ. ಒಂದು ದಿನ ತರಗತಿಯಲ್ಲಿ ಮೇಡಂ ಪ್ರಶ್ನೆ ಕೇಳಿದಾಗ, ಉತ್ತರ ಗೊತ್ತಿದ್ದೂ ಇವಳು ಸುಮ್ಮನೆ ನಿಂತಳಂತೆ. ಗಿರಿಜಾ ಇದನ್ನು ಹೇಳಿ ಒಳಗೆ ಹೋದಳು. ನಾನು ತಾಟಿನಲ್ಲಿದ್ದ ಅನ್ನವನ್ನು ಕಲಸುತ್ತಲೇ ಕೂತೆ. ಉತ್ತರ ಗೊತ್ತಿದ್ದೂ ಸುಮ್ಮನೆ ನಿಲ್ಲುವುದು ನನ್ನ ಕೆಲಸ. ಸಾಹೇಬರ ಮುಂದೆ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದೇನೆ. ಅದು ನನ್ನ ಮಗಳಿಗೆ ಬರಬಾರದಾಗಿತ್ತು.

ಆ ಸಂಜೆಯೇ ಖಂಡನಾ ಪತ್ರ ಬರೆಯಲು ಕೂತೆ. 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂದು ಆರಂಭವಾಯಿತು. ಗಿರಿಜಾಗೆ ಓದಿ ತೋರಿಸಿದೆ. "ಸಿಟ್ಟು ಎಲ್ಲೈತ್ರಿ ಇದರಾಗ? ಅವರು ಓದಿ ಮಕ್ಕೊಂತಾರ. ಟಿವಿ ಮುಂದ ಒದರಿದಂಗ ಬಾಯ್ಲೆ ಹೇಳ್ರಿ" ಅಂದಳು. ಸರಿ, ಪಾಡ್‌ಕಾಸ್ಟಿನವರು ಕೇಳುಗರ ಧ್ವನಿಸಂದೇಶಕ್ಕೆಂದೇ ಕೊಟ್ಟಿದ್ದ ನಂಬರಿಗೆ ಮರುದಿನ ಮುಂಜಾನೆ ಬಸ್ ನಿಲ್ದಾಣದಲ್ಲಿ ನಿಂತು ಮಾತು ರೆಕಾರ್ಡ್ ಮಾಡಲು ಶುರುಮಾಡಿದೆ. ಇಪ್ಪತ್ತೆರಡು ವರ್ಷದ ಬಾಕಿ ಎಲ್ಲ ಹೊರಬಂತು. ವಾಚ್‌ಮನ್ನನ ಬಗ್ಗೆ ಹೇಳಿದೆ, ಮೆಣಸಿನಕಾಯಿ ಬಗ್ಗೆ ಹೇಳಿದೆ. ಹೆಸರು ಹೇಳದೆ ಮಗಳ ಬಗ್ಗೆಯೂ ಹೇಳಿದೆ: "ಉತ್ತರಾ ಗೊತ್ತಿದ್ದ ಹುಡುಗಿ ಬಾಯಿ ಮುಚ್ಚಿಸೀರಿ ನೀವು. ನಗಸೂದಂದ್ರ ಇದ ಏನ್ರಿ?" ಸುತ್ತ ಜನ ಸೇರಿದರು. ಹುರುಪು ಏರಿತು. "ಕಡೀ ಮಾತು ಕೇಳ್ರಿ. ಲೇ ಅಂದ ಬಾಯಾಗ ರಿ ಬರೂದಿಲ್ಲ! ನಮ್ಮ ಕಡೆ ಸಣ್ಣ ಕೂಸೂ ಹಂಗ ಅನ್ನೂದಿಲ್ಲ!" ಎಂದು ಕೈ ಎತ್ತಿ ಸಾರುತ್ತಿದ್ದಾಗಲೇ ನನ್ನ ಬಸ್ಸು ಸದ್ದಿಲ್ಲದೆ ಹೊರಟುಬಿಟ್ಟಿತು. ಕಂಡಕ್ಟರ್ ಶಿವಪ್ಪ ನನ್ನ ಜೊತೆ ಕಲಿತವನು; ಆದರೆ ಡ್ಯೂಟಿಯ ಮೇಲಿದ್ದಾನೆ, ಸಮವಸ್ತ್ರ ಬೇರೆ. ನಾನು ಫೋನು ಹಿಡಿದೇ ಹಿಂದೆ ಓಡುತ್ತ ಕೂಗಿದೆ: "ಲೇ ಶಿವಪ್ಪಾ, ನಿಂದರ್ಸ್ರಿ! ಲೇ, ನಿಂದರ್ಸ್ರಿ!"

ಹತ್ತಿ ಕೂತ ಮೇಲೆ ನೋಡುತ್ತೇನೆ, ಶಿವಪ್ಪನನ್ನು ಕೂಗಿದ್ದೂ ಸೇರಿ ಸಂದೇಶ ಹೋಗಿಬಿಟ್ಟಿದೆ. ಅಳಿಸಲು ಬರುತ್ತದಂತೆ, ನನಗೆ ಬರಲಿಲ್ಲ.

ಆ ಶುಕ್ರವಾರದ ಕಂತಿನಲ್ಲಿ ಅವರು ಅದನ್ನು ಮೊದಲಿನಿಂದ ಕೊನೆಯವರೆಗೆ ಹಾಕಿದರು. ಮಗಳ ಮಾತು ಬಂದಲ್ಲಿ ಇಬ್ಬರೂ ಸಂದೇಶವನ್ನು ನಡುವೆ ತಡೆದು ನಿಲ್ಲಿಸಿದರು. ಒಬ್ಬನಂತೂ ತಡವರಿಸಿ, "ಸಾರ್, ಇದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ, ತಪ್ಪಾಯ್ತು. ರೊಟ್ಟಿ ಕಾಕಾ ಇನ್ನು ಬರಲ್ಲ" ಅಂದ. ನನ್ನ ಎದೆಯುಬ್ಬಿತು. ಅಷ್ಟರಲ್ಲಿ ಶಿವಪ್ಪನ ಪಾಳಿ ಬಂತು. ಅವರು ನಗಲಿಲ್ಲ, ಪಾಪ. ನಗು ತಡೆಯಲು ಹೋಗಿ ಒಬ್ಬ ಕೆಮ್ಮಿದ, ಇನ್ನೊಬ್ಬ ಕುರ್ಚಿ ಸರಿಸಿದ. ಆ ಕೆಮ್ಮು ಕೇಳಿ ಬಂದ ಸಿಟ್ಟು ರೊಟ್ಟಿ ಕಾಕಾನ ಮೇಲೂ ಬಂದಿರಲಿಲ್ಲ. ನಗುವುದಾದರೆ ನೇರ ನಗಬೇಕಪ್ಪ! ಸಂಶಿಯವರು ನೇರವಾಗಿಯೇ ನಕ್ಕರು. ಕಿರಾಣಿ ಅಂಗಡಿಯವನು ಸಕ್ಕರೆ ತೂಗುತ್ತ "ಲೇ ಸರ, ಎಷ್ಟ ಕೊಡ್ಲಿರಿ?" ಅಂದ. ಶಿವಪ್ಪನಂತೂ ನನ್ನನ್ನು ಕಂಡಾಗಲೆಲ್ಲ ಸೀಟಿ ಊದಿ, "ಲೇ ಹತ್ರಿ, ಹತ್ರಿ" ಎಂದು ಇಡೀ ಬಸ್ಸಿಗೆ ಕೇಳಿಸತೊಡಗಿದ. ನಾನು ಉಗ್ರನಾಗಿ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಎರಡು ದಿನದ ನಂತರ ಸವಿತಾಳ ಫೋನು ಬಂತು. ಎತ್ತಲು ಧೈರ್ಯವಾಗದೆ ಗಿರಿಜಾ ಕಡೆ ಚಾಚಿದೆ. "ನೀವ ಮಾಡಿದ್ದು, ನೀವ ಉಣ್ರಿ" ಎಂದು ಆಕೆ ಸ್ಪೀಕರ್ ಒತ್ತಿ, ಬುಟ್ಟಿಯಿಂದ ಹೀರೇಕಾಯಿ ತೆಗೆದುಕೊಂಡು ಹೆರೆಯಲು ಕೂತಳು.

"ಏನ್ ಮಾಡೀರಿ ಅಪ್ಪಾ ನೀವು? ನಿಮಗ ಯಾರ ಹೇಳಿದ್ರು ಅದನ್ನ ಕಳಸಾಕ? ಹಾಸ್ಟೆಲ್ ತುಂಬ ಕೇಳ್ಯಾರ! ನಿಮ್ಮ ದನಿ ಗುರುತು ಸಿಗೂದಿಲ್ಲಂತ ತಿಳದೀರೇನು? ರಾತ್ರಿ ಇಬ್ಬರು ಹುಡಿಗ್ಯಾರು ಬಂದು ಅಳಕೋಂತ ಸಾರಿ ಅಂದ್ರು, ನನಗ ಏನ್ ಹೇಳಬೇಕಂತ ತಿಳೀಲಿಲ್ಲ. ಮುಂಜಾನೆ ಅವರ, ಲೇ ಸವಿತಾ ಟಿಫಿನ್‌ಗೆ ಬರ್ರಿ ಅಂತ ಕರದ್ರು! ಏನ್ ಮಾಡ್ಲಿ ನಾ ಈಗ? ಅಗದಿ ತಲಿ ಕೆಟ್ಟೈತಿ ನಂದು! ನಿಮಗ ಬಸ್ಸರ ನೆಟ್ಟಗ ಹಿಡ್ಯಾಕ ಬರತೈತೇನು?"

ಉಸಿರು ತೆಗೆದುಕೊಳ್ಳದೆ ಒದರುತ್ತಿದ್ದಳು. ಬ್ಯಾಂಕಿನ ಹುಡುಗಿ ಎಲ್ಲೂ ಇರಲಿಲ್ಲ. ಗಿರಿಜಾ ಹೀರೇಕಾಯಿ ಕೆಳಗಿಟ್ಟು ನನ್ನ ಮುಖ ನೋಡಿದಳು. ಏನಾದರೂ ಅನ್ನಬೇಕಿತ್ತು, ತಪ್ಪಾತವ್ವ ಅನ್ನಬೇಕಿತ್ತು. ಆದರೆ ಹೊಟ್ಟೆಯಿಂದ ಎದ್ದ ನಗು ಗಂಟಲಿಗೆ ಬಂದುಬಿಟ್ಟಿತ್ತು. ಕೆಮ್ಮಿ ನೋಡಿದೆ, ಕುರ್ಚಿಯನ್ನೂ ಸರಿಸಿದೆ. ತಡೆಯಲಾಗಲಿಲ್ಲ.



"ಅಪ್ಪಾ, ನಗಾಕತ್ತೀರೇನು?" ಅಂದಳು ಮಗಳು. "ನಾ ಮಾತಾಡಿದ್ರ ನಿಮಗೂ ನಗಿ ಬರತೈತೇನು?"