ಆಂಬುಲೆನ್ಸಿಗೆ ಅಡ್ಡ ನಿಂತ ಅತ್ತೆ

ಜಗತ್ತಿನಲ್ಲಿ ಜಗಳಗಂಟಿಯರಿಗೇನು ಬರಗಾಲವೇ? ಓಣಿಗೊಬ್ಬರು ಸಿಗುತ್ತಾರೆ. ಆದರೆ ಜಗಳ ಆಡಲಿಕ್ಕೆಂದೇ ಡಾಕ್ಟರು ಫೋನ್ ಮಾಡಿ ಕರೆಸಿಕೊಂಡು, ಮನಸಾರೆ ಆಡಲು ಬಿಟ್ಟು, ಮುಗಿದ ಮೇಲೆ ಚಹಾ ಕುಡಿಸಿ ಕೈಮುಗಿದು ಕಳಿಸುವಂಥ ಜಗಳಗಂಟಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕು ಹುಡುಕಿದರೂ ಒಬ್ಬಳೇ. ಅವಳು ನನ್ನ ಸೋದರತ್ತೆ, ನಮ್ಮಪ್ಪನ ಅಕ್ಕ. ಹೆಸರು ಹೇಳುವುದಿಲ್ಲ. ಹೇಳಿದರೆ "ನನ್ನ ಹೆಸರು ಇಷ್ಟ ಸಣ್ಣ ಅಕ್ಷರದಾಗ ಯಾಕ ಹಾಕಿಸಿದಿ?" ಎಂದು ಅದಕ್ಕೊಂದು ಜಗಳ ಶುರುವಾಗುತ್ತದೆ!

ಘೋಡಗೇರಿಯಲ್ಲಿ ಸಂಸಾರ ಮಾಡಿ, ಮಾವ ತೀರಿಕೊಂಡ ಮೇಲೆ ಗೋಕಾಕದಲ್ಲಿ ನಮ್ಮ ಮನೆಗೆ ಬಂದವಳು. ಬಂದ ದಿನದಿಂದ ನಮ್ಮ ಓಣಿಗೆ ಒಂದು ಕಳೆ ಬಂತು. ಕಾಯಿಪಲ್ಲೆ ಮಾರುವವನು ಕಡಿಮೆ ತೂಗಿದರೆ ಯಾರಾದರೂ ಜಗಳ ತೆಗೆಯುತ್ತಾರೆ. ಅತ್ತೆ ಅವನು ಹೆಚ್ಚಿಗೆ ಹಾಕಿದರೂ ತೆಗೆಯುತ್ತಾಳೆ. "ಎರಡ ಬದನಿಕಾಯಿ ಮ್ಯಾಲ ಯಾಕ ಹಾಕಿದಿ? ಹುಳ ಅದಾವೇನ?" ಪಾಪ, ಅವನು ಹಬ್ಬವೆಂದು ಹಾಕಿದ್ದ!

ಇಂಥವಳನ್ನು ಡಾಕ್ಟರು ಹುಡುಕಿಕೊಂಡು ಬಂದದ್ದು ಹೇಗೆ ಅನ್ನುತ್ತೀರಾ? ಒಂದು ದಿನ ಬಾಜೂಮನೆಯ ಸೊಸೆಗೆ ಹೆರಿಗೆ ಬೇನೆ ಎದ್ದಿತು. ಆಂಬುಲೆನ್ಸ್ ಬಂತು. ಅದರಲ್ಲಿದ್ದ ಹುಡುಗ, ಜೊತೆಗೆ ಒಬ್ಬರೇ ಬರಬೇಕು ಎಂದ. ಅತ್ತೆ ಒಂದು ಕಂಬಳಿ, ಒಂದು ತಂಬಿಗೆ, ಬಿಸಿನೀರಿನ ಪಾತ್ರೆ ಮತ್ತು ಓಣಿಯ ಮೂವರು ಹೆಂಗಸರ ಸಮೇತ ಹತ್ತಿ ಕೂತಳು.

"ಅಮ್ಮಾರ, ಒಬ್ಬರ ಅಂತ ಹೇಳಿದ್ನೆಲ್ರಿ!"

"ನಾವು ಒಬ್ಬರ ಇದ್ದಂಗ ಅದೀವೋ. ಗಾಡಿ ಬಿಡ!"

ಹುಡುಗ ಗಾಡಿ ಬಿಟ್ಟ. ಬಸುರಿ ಕ್ಷೇಮವಾಗಿ ತಲುಪಿದಳು, ಆದರೆ ಆಸ್ಪತ್ರೆ ಮುಟ್ಟಿದ ಮೇಲೆ ಆ ಹುಡುಗನಿಗೇ ಸಲಾಯಿನ್ ಹಚ್ಚುವ ಸ್ಥಿತಿ. ಮರುದಿನ ಆಂಬುಲೆನ್ಸ್ ಹುಡುಗ ಹುಡುಗಿಯರಿಗೆ ತರಬೇತಿ ಕೊಡುವ ಡಾಕ್ಟರ ಬಾಯಿ, ಅಂದರೆ ಲೇಡಿ ಡಾಕ್ಟರು, ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ದೂರು ಹೇಳಲು ಬಂದರೆಂದು ನಾನು ಬೆವೆತೆ. ಅವರು ಅತ್ತೆಯ ಎದುರು ಕೈಮುಗಿದರು.

"ಅಮ್ಮಾರ, ನಮ್ಮ ಹುಡುಗರಿಗೆ ಕಲಸಾಕ ಕೂಸಿನ ಗೊಂಬಿ ಐತ್ರಿ, ಸಣ್ಣ ಹುಡುಗನ ಗೊಂಬಿ ಐತ್ರಿ. ಆದ್ರ ಪೇಶಂಟ್ ಜೋಡಿ ಬರೂ ಮಂದೀದು ಗೊಂಬಿ ಯಾವ ಅಂಗಡ್ಯಾಗೂ ಸಿಗೂದಿಲ್ರಿ. ನೀವ ಬರಬೇಕ ನೋಡ್ರಿ. ಬಂದು ಅವರಿಗೆ ತ್ರಾಸ ಕೊಡಬೇಕು."

"ಎಷ್ಟ ಕೊಡ್ಲಿ?" ಅಂದಳು ಅತ್ತೆ.

"ನಿಮ್ಮ ಕೈಲಾದಷ್ಟರಿ."

ಅಲ್ಲಿಗೆ ಮುಗಿಯಿತು! ಬದುಕಿನಲ್ಲಿ ಮೊದಲ ಸಲ ಅವಳ ಪ್ರತಿಭೆಯನ್ನು ಒಬ್ಬರು ಗುರುತಿಸಿದ್ದರು. ಅಂದಿನಿಂದ ರವಿವಾರ ಬಂದರೆ ನಾನು, ಹೈಸ್ಕೂಲ್ ಮಾಸ್ತರನೆಂಬ ಮರ್ಯಾದೆಯನ್ನು ಮನೆಯಲ್ಲೇ ಬಿಟ್ಟು, ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಡುವ ಸಾರಥಿಯಾದೆ.

ಮೊದಲ ಪಾಠ ಗೋಕಾಕದಲ್ಲೇ, ಒಂದು ಕಲ್ಯಾಣ ಮಂಟಪದಲ್ಲಿ. ಪಾಠದ ವಿಷಯ ಆಗ ತಾನೇ ಹುಟ್ಟಿದ ಕೂಸು. ಆಂಬುಲೆನ್ಸಿನಲ್ಲೇ ಹೆರಿಗೆಯಾದರೆ ಕೂಸಿನ ಮೈ ಒರೆಸಬೇಕು, ಒಣಬಟ್ಟೆ ಸುತ್ತಿ ತಾಯಿಯ ಎದೆಗೆ ಹಚ್ಚಿ ಬೆಚ್ಚಗೆ ಇಡಬೇಕು, ಜಳಕ ಮಾಡಿಸಬಾರದು, ತಾಯಿಯ ಹಾಲು ಬಿಟ್ಟು ಬಾಯಿಗೆ ಏನೂ ಹಾಕಬಾರದು. ಹುಡುಗರು ಇದನ್ನೆಲ್ಲ ಗಿಳಿಯಂತೆ ಒಪ್ಪಿಸಿದರು. ಆಗ ಅಜ್ಜಿಯ ಪಾತ್ರದಲ್ಲಿ ಅತ್ತೆ ಒಳಗೆ ಬಂದಳು.

"ಏ! ಕೂಸಿಗೆ ನೀರ ಎರೀದ ಹಂಗ ಇಟ್ಟೀರೇನೋ? ತಗೀರಿ ಅತ್ತಾಗ!"

ಹತ್ತರಗಿ ಊರಿನ ಎತ್ತರದ ಹುಡುಗನೊಬ್ಬ ಗೊಂಬೆ ಹಿಡಿದಿದ್ದ. ಪೈಲ್ವಾನನ ಮೈಕಟ್ಟು. ಅತ್ತೆ ಒಮ್ಮೆ ಕಣ್ಣು ಬಿಟ್ಟಳು, "ತಗೋರಿ ಅಮ್ಮಾರ" ಎಂದು ಕೊಟ್ಟೇಬಿಟ್ಟ! ಅತ್ತೆ ಸೊಂಟದ ಸಂಚಿಯಿಂದ ಖರೆಖರೆ ಜೇನುತುಪ್ಪದ ಬಾಟಲಿ ತೆಗೆದು ಗೊಂಬೆಯ ಬಾಯಿಗೆ ಸವರಿದಳು. ಆಮೇಲೆ ಆ ಗೊಂಬೆಗೆ ಇರುವೆ ಮುತ್ತಿ, ಡಾಕ್ಟರ ಬಾಯಿ ವಾರವಿಡೀ ಅದನ್ನು ತೊಳೆಯುತ್ತಿದ್ದರಂತೆ.

ಕೊನೆಗೆ ಕಲ್ಲೋಳಿಯ ಒಬ್ಬ ಹುಡುಗಿಯ ಸರದಿ ಬಂತು. ಕುರಿ ಕಾಯುವ ಮನೆತನದವಳು, ಬರೆಯುವ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದು. ಕೂಸನ್ನು ಒರೆಸಿದ್ದು, ಸುತ್ತಿದ್ದು, ಎದೆಗೆ ಇಟ್ಟಿದ್ದು, ಎಲ್ಲ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ! ಆಗ ಅತ್ತೆ ಹತ್ತಿರ ಹೋಗಿ ಸಣ್ಣಗೆ ಕೇಳಿದಳು, "ಯಾಕವ್ವಾ, ದೊಡ್ಡವರ ಮಾತ ಮೀರಾಕ ಕಲಿಸ್ಯಾರೇನ ನಿಮ್ಮ ಮನ್ಯಾಗ?"

ಹುಡುಗಿಯ ಮುಖ ಬಾಡಿತು. ಗೊಂಬೆಯನ್ನು ಅತ್ತೆಯ ಕೈಗಿಟ್ಟಳು. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಬೇರೆ ಮಾಡಿದಳು!

ಡಾಕ್ಟರ ಬಾಯಿ ತಲೆ ಮೇಲೆ ಕೈ ಹೊತ್ತರು. "ನಿನಗ ಎಲ್ಲಾ ಬರ್ತೈತಿ. 'ಬ್ಯಾಡ' ಅನ್ನಾಕ ಒಂದ ಬರೂದಿಲ್ಲ. ಅದು ಬರದಿದ್ರ ನಿನ್ನ ಗಾಡೀಗೆ ಹೆಂಗ ಕಳಸ್ಲಿ? ಇನ್ನೂ ಮೂಡಲಗಿ ಪಾಠ ಐತಿ, ಹುಕ್ಕೇರಿ ಪಾಠ ಐತಿ. ಅಷ್ಟರಾಗ ಕಲಿ."

ಹೊರಗೆ ಸ್ಕೂಟರಿನ ಹತ್ತಿರ ಹುಡುಗಿ ನನ್ನ ಮುಂದೆ ನಿಂತಳು. "ಸರ್, ಈ ಸಲ ಪಾಸ್ ಆಗ್ಲಿಲ್ಲ ಅಂದ್ರ ನನ್ನ ಇನ್ನೊಮ್ಮೆ ಕಳಸೂದಿಲ್ರಿ ಮನ್ಯಾಗ. ಅಪ್ಪ ಖಂಡಿತ ಹೇಳ್ಯಾನ."

ದಾರಿಯುದ್ದಕ್ಕೂ ನಾನು ಅತ್ತೆಯ ಮುಂದೆ ಆ ಹುಡುಗಿಯ ವಕೀಲಿ ಮಾಡಿದೆ. "ಪಾಪದ ಹುಡುಗಿ ಅತ್ತಿ, ಸ್ವಲ್ಪ ಸಡಲ ಬಿಡ."

"ನಾ ಬಿಡ್ತೀನಿ. ನಾಳೆ ಊರೂರಾಗಿನ ಅತ್ತಿಗೋಳು ಬಿಡ್ತಾರೇನ?" ಎಂದಳು. ನಾನು ಸ್ಕೂಟರಿನ ವೇಗ ಹೆಚ್ಚಿಸಿದೆ.

ಮೂಡಲಗಿಯ ಪಾಠ ಸಣ್ಣ ಮಕ್ಕಳದ್ದು. ಜ್ವರ ಏರಿ ಫಿಟ್ಸ್ ಬಂದ ಹುಡುಗನ ಗೊಂಬೆ. ಮಗುವನ್ನು ಬಾಜೂಕ್ಕೆ ಹೊರಳಿಸಿ ಮಲಗಿಸಬೇಕು, ಒತ್ತಿ ಹಿಡಿಯಬಾರದು, ಬಾಯಲ್ಲಿ ಏನೂ ತುರುಕಬಾರದು, ತಾಯಿಗೆ ಧೈರ್ಯ ಹೇಳಬೇಕು. ಅತ್ತೆ ಈ ಸಲ ಸಂಚಿ ಸಾಲದೆಂದು ಕೈಚೀಲವನ್ನೇ ತಂದಿದ್ದಳು. ಗೊಂಬೆಯ ಕೈಗೆ ಕಬ್ಬಿಣದ ಕೀಲಿಕೈ ಹಿಡಿಸಿದಳು. ನಮ್ಮ ಮನೆಯ ಕೀಲಿಕೈ! ಹಣೆಗೆ ದೇವರ ಭಂಡಾರ, ಅಂದರೆ ಅರಿಷಿಣ ಪುಡಿ, ಹಚ್ಚಿದಳು. ಆಮೇಲೆ ಮುಷ್ಟಿಗಾತ್ರದ ಒಂದು ಉಳ್ಳಾಗಡ್ಡಿ ತೆಗೆದು, ಬೆಂಚಿನ ಮೇಲಿಟ್ಟು, ಒಂದೇ ಗುದ್ದಿಗೆ ಜಜ್ಜಿ ಗೊಂಬೆಯ ಮೂಗಿಗೆ ಹಿಡಿದಳು. ಸಣ್ಣ ಕೋಣೆ, ಕಿಟಕಿ ಮುಚ್ಚಿತ್ತು. ಡಾಕ್ಟರ ಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು, ಪೈಲ್ವಾನ ಸೀನಿದ, ನಾನು ಬಾಗಿಲು ತಡಕಾಡಿದೆ. ಫಿಟ್ಸ್ ಬಂದ ಗೊಂಬೆ ಒಂದನ್ನು ಬಿಟ್ಟು ಉಳಿದವರೆಲ್ಲ ಅಳುತ್ತಿದ್ದೆವು!

ಕಲ್ಲೋಳಿಯ ಹುಡುಗಿ ಆ ಗದ್ದಲದಲ್ಲೂ ಗೊಂಬೆಯನ್ನು ಸರಿಯಾಗಿ ಹೊರಳಿಸಿದಳು. ಗಂಟಲು ಸರಿಮಾಡಿಕೊಂಡಳು. "ಆಯಿ, ಉಳ್ಳಾಗಡ್ಡಿ..." ಎಂದಳು.

"ಏನಂದಿ?"

"ಏನಿಲ್ರಿ. ಉಳ್ಳಾಗಡ್ಡಿ ಚಲೋ ಐತಿ ಅಂದ್ನಿ."

ಇನ್ನು ಉಳಿದದ್ದು ಹುಕ್ಕೇರಿ ಒಂದೇ.

ಹುಕ್ಕೇರಿಯಲ್ಲಿ ವಯಸ್ಸಾದವರ ಪಾಠ. ಇದಕ್ಕೆ ಗೊಂಬೆ ಬೇಡ, ಹಳ್ಳಿಯ ಅಜ್ಜನೊಬ್ಬ ಪೇಶಂಟಾಗಿ ಮಲಗಲು ಒಪ್ಪಿದ್ದ. ಆದರೆ ಆ ದಿನವೇ ಅವನಿಗೆ ಬೀಗರ ಮನೆಯಲ್ಲಿ ಹೋಳಿಗೆ ಊಟದ ಕರೆ ಬಂತು. ಹೋಳಿಗೆ ಬಿಟ್ಟು ಸ್ಟ್ರೆಚರಿನ ಮೇಲೆ ಮಲಗಲು ಅವನಿಗೇನು ಹುಚ್ಚೇ? ಡಾಕ್ಟರ ಬಾಯಿ ಅತ್ತೆಯ ಮುಖ ನೋಡಿದರು.

"ನಾ ಮಲಗಾಕಿ ಅಲ್ಲ," ಎಂದಳು ಅತ್ತೆ. "ಮಲಕೊಂಡ ಜಗಳ ಆಡಾಕ ಬರೂದಿಲ್ಲ."

"ಜಗಳ ಬ್ಯಾಡ್ರಿ ಇವತ್ತ. ಎದಿ ನೋಯತೈತಿ ಅಂತ ಅಂದು ಸುಮ್ನ ಮಲಕೋರಿ, ಸಾಕು."

"ಮತ್ತ ಜೋಡಿ ಬಂದವರ ಪಾತ್ರ ಯಾರ ಮಾಡ್ತಾರ?"

ಎಲ್ಲರೂ ನನ್ನನ್ನು ನೋಡಿದರು. ಖರೆ ಹೇಳಬೇಕೆಂದರೆ ನನಗೆ ಒಳಗೊಳಗೇ ಹಿಗ್ಗು. ಎಷ್ಟು ದಿನ ನೋಡುತ್ತ ಕೂತಿದ್ದೇನೆ! ಅತ್ತೆ ಗೊಣಗುತ್ತ ಮಲಗಿದಳು. ಒಬ್ಬೊಬ್ಬರಾಗಿ ಹುಡುಗರು ಬಂದು ಕೇಳಿದರು, "ಅಜ್ಜಿ, ಏನ ಆಗಾಕತ್ತೈತ್ರಿ?"

ಅತ್ತೆ ಬಾಯಿ ತೆರೆಯುವುದರೊಳಗೆ ನಾನು ಹೇಳುತ್ತಿದ್ದೆ. "ಆಕಿಗೇನ ಗೊತ್ತಾಗ್ತೈತ್ರಿ? ನನ್ನ ಕೇಳ್ರಿ. ಗ್ಯಾಸ್ ಆಗೈತಿ. ರಾತ್ರಿ ಬದನಿ ಎಣಗಾಯಿ ಜಾಸ್ತಿ ಹೊಡದಾಳ!" ಹುಡುಗರು ಅತ್ತೆಯನ್ನು ಬಿಟ್ಟು ನನ್ನ ಕಡೆಗೇ ತಿರುಗಿ, ನನ್ನನ್ನೇ ಕೇಳಿ, ನಾನು ಹೇಳಿದ್ದನ್ನೇ ಬರೆದುಕೊಂಡು ಹೋದರು. ಪೈಲ್ವಾನನಂತೂ ಕೊನೆಗೆ ನನ್ನ ಬಿ.ಪಿ. ನೋಡಿದ!

ಕಲ್ಲೋಳಿಯ ಹುಡುಗಿ ಬಂದಳು. ನಿಂತು ಕೇಳಲಿಲ್ಲ. ಅತ್ತೆಯ ಮುಖಕ್ಕೆ ಮುಖ ಬರುವ ಹಾಗೆ ಮೊಣಕಾಲೂರಿ ಕುಳಿತು, ಮಣಿಕಟ್ಟು ಹಿಡಿದಳು. "ಆಯಿ, ನಿಮಗ ಏನ ತ್ರಾಸ ಐತ್ರಿ?"

"ಗ್ಯಾಸ್ ಐತಿ," ಎಂದೆ ನಾನು.

ಅವಳು ಮತ್ತೆ ಕೇಳಿದಳು. ನಾನು ಮತ್ತೆ ಹೇಳಿದೆ, ಇನ್ನೂ ಜೋರಾಗಿ. ಹುಡುಗಿಯ ಕಿವಿ ಕೆಂಪಾಯಿತು. ಆಯಿತು, ಇದೂ ಹೋಯಿತು, ಕಲ್ಲೋಳಿಯ ಬಸ್ಸು ಹತ್ತುತ್ತಾಳೆ ಎಂದುಕೊಂಡೆ. ಅವಳು ನನ್ನತ್ತ ತಿರುಗಿದಳು.

"ಸರ್, ನೀವು ಸುಮ್ಮ ಕುಂದರ್ರಿ. ನಾ ನಿಮ್ಮನ್ನ ಕೇಳಾಕತ್ತಿಲ್ಲ. ಆಯೀನ ಕೇಳಾಕತ್ತೇನಿ."

ಮಾಸ್ತರಿಕೆ ಹಿಡಿದಂದಿನಿಂದ ಆ ಮಾತನ್ನು ನಾನು ಎಷ್ಟು ಮಕ್ಕಳಿಗೆ ಹೇಳಿರುವೆನೋ! ಒಂದು ಸಲವೂ ತಿರುಗಿ ನನಗೆ ಬಿದ್ದಿರಲಿಲ್ಲ. ಡಾಕ್ಟರ ಬಾಯಿಯ ಮುಖ ಅರಳಿತು. ನಾನು ಬಾಯಿ ಮುಚ್ಚಿ ಕೂತೆ.

ಹುಡುಗಿ ಮೂರನೆಯ ಸಲ ಕೇಳಿದಳು. ಅತ್ತೆ ಅವಳ ಮುಖ ನೋಡಿದಳು. ಎದೆ ನೋವು ಎನ್ನಬೇಕಿತ್ತು, ಅನ್ನಲಿಲ್ಲ. "ಮೆಟ್ಲ ಹತ್ತೂವಾಗ ಉಸರ ಸಾಲೂದಿಲ್ಲವ್ವಾ," ಎಂದಳು. "ಎದಿಯಾಗ ಏನೋ ಓಡಿದಂಗ ಆಗ್ತೈತಿ. ನಿಂತ ಬಿಟ್ಟಂಗೂ ಆಗ್ತೈತಿ. ರಾತ್ರಿ ಅಂಜಿಕಿ ಬರ್ತೈತಿ."

ದನಿ ಎಷ್ಟು ಸಣ್ಣದಾಗಿತ್ತೆಂದರೆ, ನಾನು ತಡೆಯಲಾರದೆ ಚಪ್ಪಾಳೆ ತಟ್ಟಿದೆ. "ವಾರೆವ್ವಾ! ನೋಡ್ರಿ ನಮ್ಮತ್ತಿ ಆ್ಯಕ್ಟಿಂಗು!" ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಅವಳ ಬೆರಳು ಮಣಿಕಟ್ಟು ಬಿಟ್ಟು ಕದಲಲಿಲ್ಲ.

"ಮೇಡಂ, ಇಲ್ಲಿ ಬರ್ರಿ," ಎಂದಳು. "ನಾಡಿ ಒಂದ ಸವನ ಇಲ್ರಿ. ಇದು ಆ್ಯಕ್ಟಿಂಗ್ ಅಲ್ಲ."

ಡಾಕ್ಟರ ಬಾಯಿ ಓಡಿ ಬಂದರು. ನಾಡಿ ಹಿಡಿದರು, ಎದೆಗೆ ಕೊಳವೆ ಹಚ್ಚಿದರು, ಇಸಿಜಿ ತೆಗೆದರು. ಮುಖದ ನಗು ಮಾಯವಾಯಿತು. ಪಾಠಕ್ಕೆಂದು ಅಂಗಳದಲ್ಲಿ ನಿಲ್ಲಿಸಿದ್ದ ಆಂಬುಲೆನ್ಸು ನಿಜವಾಗಿಯೂ ಸೈರನ್ ಹಾಕಿಕೊಂಡು ಬೆಳಗಾವಿಗೆ ಹೊರಟಿತು. ಡಾಕ್ಟರ ಬಾಯಿ ಮುಂದೆ ಕೂತರು. ಒಳಗೆ ಸ್ಟ್ರೆಚರಿನ ಮೇಲೆ ಅತ್ತೆ, ಪಕ್ಕದಲ್ಲಿ ಆ ಹುಡುಗಿ, ಮೂಲೆಯಲ್ಲಿ ನಾನು.

ಹತ್ತರಗಿ ದಾಟಿ ಹೆದ್ದಾರಿ ಹಿಡಿದ ಮೇಲೆ ಅತ್ತೆ ಕಣ್ಣು ತೆರೆದಳು. "ಡ್ರೈವರಗ ಹೇಳ. ಮುಂದ ಗುಡಿ ಬರ್ತೈತಿ, ನಿಂದರಸಲಿ. ಕಾಯಿ ಒಡಸಬೇಕು."

"ನಿಂದರಸೂದಿಲ್ರಿ ಆಯಿ," ಎಂದಳು ಹುಡುಗಿ. "ಆರಾಮ ಆಗಿ ಬರೂವಾಗ ಒಡಸೂಣು. ಈಗ ಸುಮ್ನ ಮಲಕೋರಿ."

ಅತ್ತೆ ಜೀವನದಲ್ಲಿ ಮೊದಲ ಸಲ ಎದುರು ಮಾತು ಆಡದೆ ತಲೆದಿಂಬಿಗೆ ಒರಗಿದಳು. ಮುಖದ ತುಂಬ ನಗು! "ಪಾಸಾದಿ ನೋಡ ಹುಡುಗಿ," ಎಂದಳು.

ನಾನು ಹತ್ತಿರ ಸರಿದು ಕೇಳಿದೆ, "ಅತ್ತಿ, ಇಷ್ಟ ದಿನಾ ನಮಗ ಯಾಕ ಹೇಳಲಿಲ್ಲ?"

ಜಗಳದ ದನಿಯಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಕೈ ಸವರುತ್ತ ಮೆಲ್ಲಗೆ, ಒಂದಿಷ್ಟೂ ಸಿಟ್ಟಿಲ್ಲದೆ ಹೇಳಿದಳು, "ಯಾರ ಕೇಳಿದ್ರೋ ತಮ್ಮಾ?"

ನಾನು ಅತ್ತುಬಿಟ್ಟೆ. ಮೂವರು ಮಕ್ಕಳ ತಂದೆ, ಸಾಲೆಯ ಮಾಸ್ತರ, ಆಂಬುಲೆನ್ಸಿನಲ್ಲಿ ಕೂತು ಹೋ ಎಂದು ಅಳತೊಡಗಿದೆ. ಆ ಹುಡುಗಿ ಒಂದು ಕೈ ಅತ್ತೆಯ ನಾಡಿಯ ಮೇಲೆ ಇಟ್ಟುಕೊಂಡೇ ಇನ್ನೊಂದು ಕೈಯಿಂದ ನನಗೆ ನೀರಿನ ಬಾಟಲಿ ಕೊಟ್ಟಳು.

ಹೃದಯದ ಬಡಿತ ಏರುಪೇರಾಗಿತ್ತು, ಬೇಗ ಗೊತ್ತಾದದ್ದು ಚಲೋ ಆಯಿತು ಎಂದರು ಬೆಳಗಾವಿಯ ಡಾಕ್ಟರು. ಈಗ ಗುಳಿಗೆ ನಡೆದಿವೆ, ಅತ್ತೆ ಆರಾಮವಾಗಿದ್ದಾಳೆ. ಹುಡುಗಿಗೆ ಮೂಡಲಗಿಯ ಆಂಬುಲೆನ್ಸಿನಲ್ಲಿ ಕೆಲಸ ಸಿಕ್ಕಿದೆ. ಹೊಸ ಹುಡುಗರ ತಂಡ ಬಂದಿದೆ, ಅತ್ತೆ ಕುರ್ಚಿಯ ಮೇಲೆ ಕೂತು ತ್ರಾಸ ಕೊಡುತ್ತಾಳೆ.

ನಾನು ಮಾತ್ರ ಈಗ ಮುಂಜಾನೆ ಚಹಾದ ಕಪ್ಪು ಹಿಡಿದು ಅವಳ ಎದುರು ಕೂರುತ್ತೇನೆ. "ಅತ್ತಿ, ಹೆಂಗದೀ?" ಎನ್ನುತ್ತೇನೆ. ಅಯ್ಯೋ, ಕೇಳಬಾರದಿತ್ತು ಅನ್ನಿಸುವಷ್ಟು ಉತ್ತರ! ಎಡಗಾಲಿನ ಕಿರುಬೆರಳಿನಿಂದ ಶುರುವಾಗಿ ಮೊಣಕಾಲಿಗೆ ಬರುವುದರೊಳಗೆ ಚಹಾ ಆರಿರುತ್ತದೆ, ಸೊಂಟ ಮುಟ್ಟುವುದರೊಳಗೆ ಸಾಲೆಯ ಗಂಟೆ ಹೊಡೆದಿರುತ್ತದೆ. ಒಳಗಿನಿಂದ ಹೆಂಡತಿ "ಹೊತ್ತಾತ್ರೀ!" ಎಂದು ಕೂಗುತ್ತಾಳೆ. ಆಗಲಿ ಬಿಡಿ. ಅತ್ತೆ ಇನ್ನೂ ಎದೆಯ ತನಕ ಬಂದಿಲ್ಲ.