ಸೌತ್‌ಲೇಕ್‌ನ ಆಂಗ್ಲ ಕಿಟಕಿ

ಯಾರ ಮನೆಗಾದರೂ ಹೋದರೆ ದೇವರಿಗೆ ಕೈಮುಗಿಯಬೇಕು, ಮಕ್ಕಳನ್ನು ಮಾತಾಡಿಸಬೇಕು, ಕಾಫಿ ಹೇಗಿದ್ದರೂ ಚೆನ್ನಾಗಿದೆ ಅನ್ನಬೇಕು. ಇವೆಲ್ಲ ನನಗೂ ಗೊತ್ತು. ಆದರೆ ಈಚೆಗೆ ನಾನು ಮೊದಲು ಗೋಡೆ ತಟ್ಟುತ್ತೇನೆ. ಆಮೇಲೆ ಕಿಟಕಿಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತೇನೆ. ಹೊರಗೆ ಡಲ್ಲಾಸಿನ ಆಗಸ್ಟ್ ಬಿಸಿಲು, ಒಳಗೆ ಏಸಿ. ಕಿಟಕಿ ತೆರೆಯುವವನನ್ನು ಯಾರು ತಾನೇ ಮತ್ತೆ ಕರೆದಾರು? ಹೆಂಡತಿ ವಸುಧಾ ಈಗ ನನ್ನನ್ನು ಬಿಟ್ಟು ಒಬ್ಬಳೇ ಊಟದ ಮನೆಗಳಿಗೆ ಹೋಗುತ್ತಾಳೆ. ನನ್ನ ಪಾಲಿನ ಹೋಳಿಗೆ ಡಬ್ಬಿಯಲ್ಲಿ ಬರುತ್ತದೆ.

ಇದಕ್ಕೆಲ್ಲ ಕಾರಣ ನನ್ನ ಸಹೋದ್ಯೋಗಿ ರಘು ಡಲ್ಲಾಸಿನ ಪಕ್ಕದ ಸೌತ್‌ಲೇಕ್‌ನಲ್ಲಿ ಕೊಂಡ ಮನೆ. ಇಂಗ್ಲೆಂಡಿನ ಯಾವುದೋ ಹಳೆಯ ಊರಿನ ಬೀದಿಯಲ್ಲಿ ಇನ್ನೂರೈವತ್ತು ವರ್ಷದ ಹಿಂದೆ ಶ್ರೀಮಂತನೊಬ್ಬ ಕಟ್ಟಿಸಿಕೊಂಡಿದ್ದ ಮನೆಯ ನಕಲಂತೆ ಅದು. ಕೆಂಪು ಇಟ್ಟಿಗೆ, ಸರಿಯಾಗಿ ನಡುವೆ ಬಾಗಿಲು, ಪಕ್ಕದಲ್ಲಿ ಬಿಳಿ ಕಂಬಗಳು, ನೆತ್ತಿಯಲ್ಲಿ ಬೀಸಣಿಗೆಯಂಥ ಗಾಜು, ಎಡಕ್ಕೆ ಎಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ, ಮಾಡಿನ ಎರಡೂ ತುದಿಗೆ ಒಂದೊಂದು ಚಿಮಣಿ. ರಘುವಿನ ತಾತ ಇಂಗ್ಲಿಷರನ್ನು ಓಡಿಸಲು ಜೈಲಿಗೆ ಹೋಗಿದ್ದವರು. ಮೊಮ್ಮಗ ಇಂಗ್ಲಿಷರ ಮನೆಯನ್ನೇ ಹುಡುಕಿಕೊಂಡು ಟೆಕ್ಸಸ್ಸಿಗೆ ಬಂದ. ಹಾಗೆಂದು ನಾನು ನಗೆಯಾಡಿದ್ದಕ್ಕೆ, "ಜಾರ್ಜಿಯನ್ ಸ್ಟೈಲ್ ಕಣೋ, ನಿಂಗೆಲ್ಲಿ ಗೊತ್ತಾಗತ್ತೆ" ಅಂದ.

ಗೃಹಪ್ರವೇಶದ ದಿನ ಬೆಳಿಗ್ಗೆ ಆಸ್ಟಿನ್ನಿಂದ ಪುರೋಹಿತರು ಬಂದರು. ಈ ದೇಶದಲ್ಲಿ ನಮ್ಮ ಕಡೆಯವರ ಗೃಹಪ್ರವೇಶದಲ್ಲಿ ಮೊದಲ ವಿಧಿ ಗಣಪತಿ ಪೂಜೆಯಲ್ಲ; ಚಾವಣಿಯಲ್ಲಿರುವ ಸ್ಮೋಕ್ ಅಲಾರ್ಮ್‌ಗಳಿಗೆಲ್ಲ ಪ್ಲಾಸ್ಟಿಕ್ ಶವರ್ ಕ್ಯಾಪ್ ತೊಡಿಸುವುದು. ಇಲ್ಲದಿದ್ದರೆ ಹೋಮದ ಹೊಗೆಗೆ ಮಂತ್ರಕ್ಕಿಂತ ಅವೇ ಜೋರಾಗಿ ಕೂಗುತ್ತವೆ. ಕ್ಯಾಪ್ ತೊಡಿಸಿದ್ದಾಯಿತು. ಆಗ ಪುರೋಹಿತರ ಕಣ್ಣು ನಡುಮನೆಯ ಅಗ್ಗಿಷ್ಟಿಕೆಯ ಮೇಲೆ ಬಿತ್ತು. ಅದು ಸಾಕ್ಷಾತ್ ಆಗ್ನೇಯ ಮೂಲೆಯಲ್ಲಿತ್ತು. ಹೊಸ ಮರದ ನೆಲ ಸುಟ್ಟೀತು ಎಂದು ಅಳುಕುತ್ತಿದ್ದ ರಘುವಿನ ಹೆಂಡತಿಗೂ ಜೀವ ಬಂತು. ಒಳಗಿದ್ದ ಸುಳ್ಳು ಸೌದೆಯನ್ನೂ ಬೆಂಕಿಯಂತೆ ಮಿನುಗುವ ಬಲ್ಬನ್ನೂ ತೆಗೆದು ಹೋಮಕುಂಡ ಇಟ್ಟರು. ಬೆಂಕಿಯೇ ಬಲ್ಬಾಗಿದ್ದ ಕಡೆ ಚಿಮಣಿಯೂ ಆ ಬೆಂಕಿಯಷ್ಟೇ ನಿಜವಿರಬಹುದು ಎಂದು, ಅಲ್ಲಿ ನೆರೆದಿದ್ದ ಅಷ್ಟೊಂದು ಎಂಜಿನಿಯರುಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಗೆಗೆ ದಾರಿಯೇ ಇರಲಿಲ್ಲ. ಅದು ಗೋಡೆಯೊಳಗಿನ ಮರಕ್ಕೆ ಹೋಯಿತು, ಅದರ ಹಿಂದೆ ಬೆಂಕಿಯೂ ಹೋಯಿತು. ನಾವು ಕಣ್ಣು ಒರೆಸಿಕೊಳ್ಳುತ್ತ, ಎಂಥ ಒಳ್ಳೆಯ ತುಪ್ಪ ಎಂದು ಮಾತಾಡಿಕೊಳ್ಳುತ್ತಿದ್ದೆವು.

ಪೂರ್ಣಾಹುತಿಗೆ ರಘುವಿನ ತಾಯಿ ಕಮಲಮ್ಮನವರನ್ನು ಕರೆತರಲು ನಾನು ಮಹಡಿಗೆ ಹೋದೆ. ಬಟ್ಟೆಯ ಕಪಾಟಿನ ಕೋಣೆಯನ್ನು ಅವರು ದೇವರಮನೆ ಮಾಡಿಕೊಂಡು ವಿಗ್ರಹ ಜೋಡಿಸುತ್ತಿದ್ದರು. ಕರೆದುಕೊಂಡು ಹೊರಡಬೇಕು ಅನ್ನುವಷ್ಟರಲ್ಲಿ ಮೆಟ್ಟಿಲೇ ಕಾಣದಂತೆ ಹೊಗೆ ನುಗ್ಗಿತು. ಬಾಗಿಲು ಹಾಕಿಕೊಂಡೆವು. ಅದರ ಸಂದಿಗೆ ಅವರ ರೇಷ್ಮೆ ಶಾಲು ತುರುಕಿದೆ. ಎಲ್ಲರೊಂದಿಗೆ ಹೊರಗೆ ಓಡಿ ಹುಲ್ಲಿನ ಮೇಲೆ ನಿಂತಿದ್ದ ರಘು ಕೂಗುತ್ತಿದ್ದದ್ದು ಕೇಳಿಸಿತು: "ಅಮ್ಮಾ, ಕಿಟಕಿ ತೆಗಿ! ಶ್ರೀಧರ್, ನಿಮ್ ಎದುರಿಗೇ ಇದೆಯಲ್ಲೋ ಕಿಟಕಿ!"

ಎದುರಿಗೆ ಇದ್ದದ್ದು ಗೋಡೆ. ನಾನು ಎರಡೂ ಕೈಯಿಂದ ಅದನ್ನು ತಟ್ಟಿದೆ, ಸವರಿದೆ, ಗುದ್ದಿದೆ.

"ಕಿಟಕಿ ಎಲ್ಲಪ್ಪಾ?" ಕಮಲಮ್ಮ ಕೆಮ್ಮುತ್ತ ಕೇಳಿದರು.

"ಹೊರಗಡೆಯಿಂದ ಇತ್ತು, ಆಂಟಿ."

ಅವರು ಗಣಪತಿಯನ್ನು ನನ್ನ ಕೈಗೆ ಕೊಟ್ಟು, "ಹಾಗಾದ್ರೆ ಇವನನ್ನೇ ಹಿಡ್ಕೋ" ಅಂದರು. ಒಂದು ಕೈಯಲ್ಲಿ ಗಣಪತಿಯನ್ನು ಹಿಡಿದು ಇನ್ನೊಂದರಿಂದ ಗೋಡೆ ಗುದ್ದುತ್ತಲೇ ಇದ್ದೆ. ಅಗ್ನಿಶಾಮಕ ದಳದವರು ಏಣಿ ತಂದು ಇಟ್ಟದ್ದೂ ಆ ಕಿಟಕಿಗೇ. ಗಾಜು ಒಡೆದರೆ ಹಿಂದೆ ಕಪ್ಪು ಬಳಿದ ಹಲಗೆ. ಕೊನೆಗೆ ಮುಖವಾಡ ತೊಟ್ಟವರಿಬ್ಬರು ಮೆಟ್ಟಿಲ ಕಡೆಯಿಂದ ಬಾಗಿಲು ಮುರಿದು ಬಂದು ನಮ್ಮನ್ನು ಹೊತ್ತುಕೊಂಡು ಹೋದರು.

ಹಿಂದೆ ಇಂಗ್ಲೆಂಡಿನಲ್ಲಿ ಕಿಟಕಿಗೂ ತೆರಿಗೆ ಇತ್ತಂತೆ. ಅದಕ್ಕೆ ಅಂಜಿ ಜನ ಕೆಲವು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದರಂತೆ. ಪಾಪ, ಅವರಿಗೆ ಒಂದು ಕಾರಣವಿತ್ತು. ಇಲ್ಲಿ ಎಡಬಲ ಸಮನಾಗಿ ಕಾಣಲೆಂದು ಮಾತ್ರ ಸುಳ್ಳು ಕಿಟಕಿ. ಸುಟ್ಟುಹೋದ ಮನೆಯನ್ನು ಮತ್ತೆ ಕಟ್ಟುವಾಗ ರಘು ಅಲ್ಲಿ ನಿಜವಾದ ಕಿಟಕಿ ಇಡಿಸಿದನೇ ಎಂದು ನೀವು ಕೇಳಬಹುದು. ಇಲ್ಲ. ಬಡಾವಣೆಯ ಸಂಘದವರು ಮುಂಭಾಗ ಮೊದಲಿನ ಹಾಗೆಯೇ ಇರಬೇಕು ಅಂದರು, ರಘು ಅಷ್ಟನ್ನೇ ಮಾಡಿದ. ಒಳಗೆ ಕಪಾಟಿಗೆ ಗೋಡೆ ಬೇಕಲ್ಲ ಅಂದ. ಚಿಮಣಿಗಳೂ ಎರಡು ಬಂದವು. ಕಮಲಮ್ಮ ಮಾತ್ರ ದೇವರನ್ನು ಕೆಳಗೆ, ಬಾಗಿಲ ಪಕ್ಕಕ್ಕೆ ಇಳಿಸಿಕೊಂಡರು.

ಎರಡನೆಯ ಗೃಹಪ್ರವೇಶಕ್ಕೆ ಹೋಮ ಅಂಗಳದಲ್ಲಿ, ಬಾರ್ಬೆಕ್ಯೂ ಒಲೆಯ ಪಕ್ಕ ನಡೆಯಿತು. ನಾನು ಒಳಗೆ ಕಾಲಿಡಲಿಲ್ಲ. ಫೋಟೋದವನು ಎಲ್ಲರನ್ನೂ ಮನೆಯ ಮುಂದೆ ನಿಲ್ಲಿಸಿ ನಗಿ ಅಂದ, ನಕ್ಕೆ. ಸರಿಯಾಗಿ ಆ ಕಿಟಕಿಯ ಕೆಳಗೆ ನಿಂತಿದ್ದೇನೆ. ಫೋಟೋ ನೋಡಿ ಮೈಸೂರಿನಿಂದ ಅಕ್ಕ ಫೋನ್ ಮಾಡಿದಳು, "ಪರವಾಗಿಲ್ವೋ, ಮೊದಲಿನ ಹಾಗೇ ಆಗಿದ್ದೀಯ" ಅಂದಳು.

ಹೌದು ಅಂದೆ, ಹೊರಗಡೆಯಿಂದ.