ನಮ್ಮದೇ ರೊಕ್ಕದ ಸೈರನ್

ಹೊಳೆದಂಡೆಯ ಪಂಚಾಯಿತಿಯಲ್ಲಿ ಮನಿಪಟ್ಟಿ, ಅಂದರೆ ಮನೆಯ ಕರ, ವಸೂಲಿ ಮಾಡುವವನಿಗೆ ನಗೆ ಪ್ರಸಂಗಗಳಿಗೆ ಬರಗಾಲವಿಲ್ಲ. ನಗು ಬರುವುದು ಮಾತ್ರ ಎದೆಯ ಡವಡವ ಇಳಿದ ಮೇಲೆ. ನಾನು ಮೊದಲೇ ಪುಕ್ಕಲ. ಊರವರಿಗೆ ನಾನೆಂದರೆ ಅಂಜಿಕೆ, ನನಗೆ ಊರವರೆಂದರೆ ಅಂಜಿಕೆ, ಎಲ್ಲರಿಗೂ ಮಲಪ್ರಭೆಯ ಅಂಜಿಕೆ.

೧. ಸೂಚಕರು ಬೇಕಾಗಿದ್ದಾರೆ

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಂದು ನಮ್ಮ ಕೆಳಗಿನ ಓಣಿಗೆ ಗೊತ್ತಾಗುವುದೇ ನೀರು ಹೊಸ್ತಿಲು ದಾಟಿದಾಗ. ಹೀಗಾಗಿ ಒಂದು ಸೈರನ್ ಬೇಕಿತ್ತು. ಸರ್ಕಾರದ ಅನುದಾನದಲ್ಲಿ ಕೊಳ್ಳೋಣವೆಂದರೆ ಗಟಾರದ ಹಣ ಗಟಾರಕ್ಕೇ, ದೀಪದ ಹಣ ದೀಪಕ್ಕೇ.

"ಮನಿಪಟ್ಟಿ ಏರಿಸೋ ಅಧಿಕಾರ ನಿಮಗ ಐತೆಲ್ರಿ. ಏರಿಸ್ರಿ, ನಿಮ್ಮ ರೊಕ್ಕದಾಗ ತಗೋರಿ," ಎಂದರು ತಾಲ್ಲೂಕಿನ ಸಾಹೇಬರು.

ಪಟ್ಟಿ ಏರಿಸಲು ಸಭೆಯಲ್ಲಿ ಎಲ್ಲರೂ ಒಪ್ಪಿದರು. ಠರಾವಿಗೆ ಸೂಚಕರೆಂದು ಯಾರ ಹೆಸರು ಬರೆಯಲಿ ಎಂದು ಕಾರ್ಯದರ್ಶಿ ಕೇಳಿದ್ದೇ ತಡ, ಸದಸ್ಯರೆಲ್ಲ ಛಾವಣಿ ನೋಡತೊಡಗಿದರು.

"ನಂದು ಬ್ಯಾಡ್ರೀ, ಮುಂದ ಇಲೆಕ್ಷನ್ ಐತಿ," ಎಂದರೊಬ್ಬರು.

"ನಂದೂ ಬ್ಯಾಡ. ಮನ್ಯಾಗ ಉಣ್ಣಾಕ ಹಾಕೂದಿಲ್ಲ," ಎಂದರು ಇನ್ನೊಬ್ಬರು.

ಕೊನೆಗೆ ಅಧ್ಯಕ್ಷೆಯೇ ಸೆರಗಿನಿಂದ ಬೆವರು ಒರೆಸಿಕೊಂಡು ಎದ್ದರು. "ನನ್ನ ಹೆಸರ ಬರೀರಿ. ಅಕ್ಷರ ಮಾತ್ರ ಸಣ್ಣಾಗಿ ಬರೀರಿ."

೨. ಯಾರನ್ನು ಕೇಳಬೇಕು?

ಸೈರನ್ ಬಂದ ಮಳೆಗಾಲದಲ್ಲೇ ಒಂದು ಮಧ್ಯಾಹ್ನ ಹೊಳೆ ಏರಿತು. ಸೈರನ್ನಿನ ಗುಂಡಿಯ ಮುಂದೆ ನಾವೆಲ್ಲ ನಿಂತೆವು. ಒತ್ತಿದ ಮೇಲೆ ನೀರು ಬರದಿದ್ದರೆ ಊರವರು ನಮ್ಮನ್ನು ಬಿಡುವುದಿಲ್ಲ. ಒತ್ತದೆ ಇದ್ದಾಗ ಬಂದುಬಿಟ್ಟರೆ ಊರೇ ಉಳಿಯುವುದಿಲ್ಲ. ಪ್ರತಿಯೊಂದಕ್ಕೂ ಮೇಲಿನವರನ್ನು ಕೇಳಿ ರೂಢಿಯಾದವರು ನಾವು. ಸಾಹೇಬರಿಗೆ ಫೋನ್ ಹಚ್ಚಿದೆ.

"ಒತ್ತೂಣೇನ್ರಿ?"

"ನಿಮ್ಮ ರೊಕ್ಕದ ಸೈರನ್ ಅದು! ನನ್ನ ಪರವಾನಗಿ ಯಾಕ ಬೇಕು? ಲಗೂ ಒತ್ರಿ!"

ಅಧ್ಯಕ್ಷೆಯ ಮುಖ ಬಿಳಚಿಕೊಂಡಿತು. "ಪರವಾನಗಿ ಬ್ಯಾಡಂತ ಬರದು ಕೊಡತಾರೇನು, ಕೇಳ್ರಿ," ಎನ್ನುತ್ತಲೇ ಕಣ್ಣು ಮುಚ್ಚಿ ಗುಂಡಿ ಒತ್ತಿದರು.

೩. ಕೊನೆಯ ಮನೆ

ಊರೆಲ್ಲ ಶಾಲೆಯ ದಿನ್ನೆ ಏರಿತು. ಕೆಳಗಿನ ಓಣಿಯ ಕೊನೆಯ ಮನೆಯ ಗಂಡ, ಹೆಂಡತಿ, ಕೂಸು ಮಾತ್ರ ಬಂದಿರಲಿಲ್ಲ. ಕೂಸಿನ ನೆನಪಾಗಿ ದಿನ್ನೆಯಿಂದ ಕೆಳಗಿಳಿದೆ. ಮೊಣಕಾಲುಮಟ ನೀರಿನಲ್ಲಿ ಓಡಿ ಬಾಗಿಲು ಬಡಿದೆ.

"ಅವ್ರು ಊರಾಗ ಇಲ್ರಿ!" ಒಳಗಿನಿಂದ ಹೆಂಡತಿಯ ದನಿ.

"ಯವ್ವಾ, ಪಟ್ಟಿ ಕೇಳಾಕ ಬಂದಿಲ್ಲ! ಹೊಳಿ ಬಂದೈತಿ!"

"ಹೊಳಿಗೂ ನಾ ಊರಾಗ ಇಲ್ಲಂತ ಹೇಳ್ರಿ," ಎಂದಿತು ಗಂಡನ ದನಿ. "ಸೈರನ್ ಒದರಿದ್ದು ಬಾಕಿ ಇದ್ದಾವ್ರನ್ನ ಹಿಡಿಯಾಕಂತ ನಮಗ ಗೊತ್ತೈತಿ."

ನೀರು ತೊಡೆಗೆ ಬಂತು. ನಾನು ಅಳುವುದೊಂದು ಬಾಕಿ. "ಈ ವರ್ಷದ ಪಟ್ಟಿ ನಾನ ತುಂಬತೇನಿ, ಹೊರಗ ಬರ್ರೋ ಮಾರಾಯ್ರಾ!"

ಚಿಲಕ ಸರಿಯಿತು. ಕೂಸನ್ನು ನನ್ನ ಹೆಗಲಿಗೇರಿಸಿ, ಮೂವರೂ ಕೈ ಕೈ ಹಿಡಿದು ಟೊಂಕಮಟ ನೀರಿನಲ್ಲಿ ಹೆಜ್ಜೆ ಹಾಕಿದೆವು. ದಿನ್ನೆಗೆ ಕಾಲಿಟ್ಟಾಗ ಕೂಸನ್ನು ಅಪ್ಪಿಕೊಂಡು ಅತ್ತೇಬಿಟ್ಟೆ. ಗಂಡ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

"ಸಾಹೇಬ್ರ," ಎಂದ ಮೆಲ್ಲಗೆ, "ಹ್ವಾದ ವರ್ಷದ ಪಟ್ಟೀನೂ ಹಿಡದು ತುಂಬತೇನಿ ಅಂದ್ರೆಲ್ರಿ?"